ಮುಂದಿನ ಎಡಗಡೆಯ ಬ್ಲೇಡು

ಎರಡು ತಿಂಗಳಲ್ಲಿ ಮೂರನೇ ಸಲ ಅದೇ ಬ್ಲೇಡು ಮುರಿದಿತ್ತು. ಬಸ್ಸಿನ ಅಚ್ಚಿನ ಮೇಲೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಸ್ಪ್ರಿಂಗು ಕಟ್ಟಿರುತ್ತಾರಲ್ಲ, ಆ ಪಟ್ಟಿಗಳಿಗೆ ಗ್ಯಾರೇಜಿನವರು ಬ್ಲೇಡು ಎನ್ನುತ್ತೇವೆ. ಮುರಿದಿದ್ದು ಮುಂದಿನ ಎಡಗಡೆಯ ಮೇನ್ ಬ್ಲೇಡು, ಎಲ್ಲಕ್ಕಿಂತ ಮೇಲಿನದು, ಎಲ್ಲಕ್ಕಿಂತ ಉದ್ದದ್ದು. ಚನ್ನಗಿರಿಯ ನಮ್ಮ ಶೆಡ್ಡಿನಲ್ಲಿ ಬಸ್ಸಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿ, ಮುರಿದ ತುಂಡನ್ನು ಎದೆಯ ಮೇಲಿಟ್ಟುಕೊಂಡು ಸುಮಾರು ಹೊತ್ತು ಹಾಗೇ ಇದ್ದೆ. ಮೈಯೆಲ್ಲ ಸಿಟ್ಟು. ನನ್ನ ಕೈಯ ಕೆಲಸ ಮೂರು ಸಲ ಮುರಿದು ವಾಪಸ್ ಬಂದರೆ ಊರವರೆಲ್ಲ ಸೇರಿ ನನ್ನ ಮುಖಕ್ಕೆ ಮಸಿ ಬಳಿದರು ಎಂದೇ ತಿಳಿಯುವ ವಯಸ್ಸು ಅದು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಾನೊಂದು ಖಾಸಗಿ ಬಸ್ ಲೈನಿನಲ್ಲಿ ಫಿಟ್ಟರ್. ನಮ್ಮವು ಎರಡೇ ಬಸ್ಸು. ಒಂದು ಚನ್ನಗಿರಿಯಿಂದ ಕತ್ತಲಗೆರೆ ಮೇಲೆ ಹೊನ್ನಾಳಿಗೆ, ಅಲ್ಲಿಂದ ನ್ಯಾಮತಿಗೆ ಹೋಗಿ ಬರುತ್ತಿತ್ತು. ಇನ್ನೊಂದು ಜಗಳೂರು, ಬಿಳಿಚೋಡು ಕಡೆ ಓಡುತ್ತಿತ್ತು. ಬ್ಲೇಡು ಮುರಿಯುತ್ತಿದ್ದುದು ನ್ಯಾಮತಿ ಬಸ್ಸಿನದು. ಅದರ ಡ್ರೈವರು ನನ್ನ ಹೆಂಡತಿಯ ತಮ್ಮ.

ಅವನು ಐದು ವರ್ಷ ಜಗಳೂರು ಬಸ್ಸಿನಲ್ಲೇ ಇದ್ದವನು. ಮೊದಲು ಕ್ಲೀನರ್, ಆಮೇಲೆ ಡ್ರೈವರು ಊಟ ಮಾಡಿ ತೂಕಡಿಸುವ ಹೊತ್ತಿನಲ್ಲಿ ಸ್ಟೇರಿಂಗು ಹಿಡಿದವನು, ಆಮೇಲೆ ಲೈಸೆನ್ಸು. ಆಗೆಲ್ಲ ಡ್ರೈವರುಗಳು ತಯಾರಾಗುತ್ತಿದ್ದುದೇ ಹೀಗೆ. ಕುಳಿತು ಕಲಿಸಿದವರು ಯಾರೂ ಇಲ್ಲ, ನೋಡಿ ಕಲಿತದ್ದೇ ವಿದ್ಯೆ. ನ್ಯಾಮತಿ ಬಸ್ಸಿನ ಡ್ರೈವರು ಕೆಲಸ ಬಿಟ್ಟಾಗ ಇವನನ್ನು ಈ ಕಡೆಗೆ ಹಾಕಿಸಿದ್ದು ನಾನೇ. ಅಕ್ಕನ ಮನೆಯಲ್ಲಿ ಊಟ, ಶೆಡ್ಡಿನ ಎದುರಿಗೇ ಬಸ್ಸು, ಇನ್ನೇನು ಬೇಕು ಅಂದುಕೊಂಡಿದ್ದೆ.

ಮೊದಲ ಸಲ ಬ್ಲೇಡು ಮುರಿದಾಗ ಹಳೆಯದಾಗಿತ್ತು ಎಂದು ಬದಲಾಯಿಸಿದೆ. ಎರಡನೇ ಸಲ ಮುರಿದಾಗ ನನ್ನ ತಲೆ ಓಡಿಸಿ, ಎಡಗಡೆಯ ಸ್ಪ್ರಿಂಗಿಗೆ ಮಾತ್ರ ಒಂದು ಬ್ಲೇಡು ಜಾಸ್ತಿ ಕೊಟ್ಟೆ. ಬಸ್ಸು ಬಲಕ್ಕೆ ವಾಲಿ, ಸೊಂಟ ಉಳುಕಿದ ಮುದುಕಿಯ ಹಾಗೆ ನಡೆಯತೊಡಗಿತು. ಕಂಡಕ್ಟರು ಎರಡು ದಿನ ನನ್ನನ್ನು ಆಡಿಕೊಂಡು ನಕ್ಕ. ಅದನ್ನು ತೆಗೆದು, ಹೊನ್ನಾಳಿಯ ಕಮ್ಮಾರರ ಕುಲುಮೆಯಲ್ಲಿ ಹಳೇ ಬ್ಲೇಡನ್ನು ಕಾಯಿಸಿ ಬಾಗು ಕೊಡಿಸಿದೆ. ನೀರಿಗೆ ಅದ್ದುವಾಗ ಅವಸರ ಮಾಡಿದೆವು. ಉಕ್ಕು ಗಡಸಾಯಿತು, ಕಟ್ಟುವ ಮೊದಲೇ ಬಿರುಕು ಬಿಟ್ಟಿತು. ಕೊನೆಗೆ ಹೊಸದೇ ತಂದು ಹಾಕಿದ್ದೆ. ಈಗ ಅದೂ ಎರಡು ತುಂಡು.

ಆ ತುಂಡನ್ನು ಬಿಸಿಲಿಗೆ ತಂದು ನೋಡಿದೆ. ಹಳೇ ಬಿರುಕಿದ್ದರೆ ಮುರಿದ ಜಾಗದಲ್ಲಿ ತುಕ್ಕಿನ ಕಪ್ಪು ಇರುತ್ತದೆ. ಇದು ಕಲ್ಲುಸಕ್ಕರೆ ಒಡೆದ ಹಾಗೆ ಪೂರ್ತಿ ಬೆಳ್ಳಗಿತ್ತು, ಒಂದೇ ಏಟಿಗೆ ಹೋದದ್ದು. ಭಾರಕ್ಕೆ ಮುರಿದಿದ್ದರೆ ನಡುವಿನ ಬೋಲ್ಟಿನ ತೂತಿನ ಹತ್ತಿರ ಮುರಿಯಬೇಕು. ಇದು ಅಲ್ಲಿಂದ ಒಂದು ಗೇಣು ಮುಂದೆ ಮುರಿದಿತ್ತು. ಬ್ರೇಕು ಹಿಡಿದಿರುವಾಗಲೇ ಗಾಲಿ ಗುಂಡಿಗೆ ಬಿದ್ದರೆ ಅಚ್ಚು ತಿರುಚಿಕೊಳ್ಳುತ್ತದೆ, ಆ ತಿರುಚನ್ನೆಲ್ಲ ಮೇನ್ ಬ್ಲೇಡೇ ನುಂಗಬೇಕಾಗುತ್ತದೆ. ಗಾಲಿಯ ಬ್ರೇಕ್ ಡ್ರಮ್ಮು ಬಿಚ್ಚಿದೆ. ಡ್ರಮ್ಮಿಗೆ ಉಜ್ಜಿ ಗಾಲಿ ನಿಲ್ಲಿಸುವ ಬ್ರೇಕಿನ ಲೈನರು ಸುಟ್ಟ ರೊಟ್ಟಿಯ ಹಾಗಾಗಿತ್ತು. ಆಗ ಕಬ್ಬಿಣದ ಮೇಲಿನ ಸಿಟ್ಟು ಬಿಟ್ಟು ನನಗೆ ಬೇರೆಯೇ ಒಂದು ಅನುಮಾನ ಹತ್ತಿತು.

ಬ್ಲೇಡು ಬದಲಾಯಿಸಿದ ಮಾರನೇ ದಿನ ಬಸ್ಸು ಹತ್ತಿದೆ. ಡ್ರೈವರಿನ ಪಕ್ಕದಲ್ಲಿ ಎಂಜಿನ್ ಮುಚ್ಚುವ ಬಾನೆಟ್ ಮೇಲೆ ಕೂತು ರಸ್ತೆ ನೋಡದೆ ಅವನ ಪಾದಗಳನ್ನೇ ನೋಡಿದೆ. ಊರು ದಾಟಿ ನಾಲ್ಕನೇ ಗೇರಿಗೆ ಹಾಕಿದವನು ಬಸ್ಸು ಪೂರ್ತಿ ನಿಲ್ಲುವವರೆಗೆ ಗೇರು ಇಳಿಸಲೇ ಇಲ್ಲ. ಆ ಕಾಲದ ಬಸ್ಸುಗಳಲ್ಲಿ ಓಡುವಾಗ ಗೇರು ಇಳಿಸಬೇಕಾದರೆ ಕ್ಲಚ್ಚು ಎರಡು ಸಲ ಒತ್ತಬೇಕು, ನಡುವೆ ಎಷ್ಟು ಬೇಕೋ ಅಷ್ಟೇ ಆಕ್ಸಿಲರೇಟರು ಕೊಡಬೇಕು. ಲೆಕ್ಕ ತಪ್ಪಿದರೆ ಗೇರು ಬೀಳುವುದಿಲ್ಲ, ಇಡೀ ಬಸ್ಸಿಗೆ ಕೇಳುವಂತೆ ಕರಕರ ಅನ್ನುತ್ತದೆ. ಇವನು ಆ ಗೋಜಿಗೇ ಹೋಗುತ್ತಿರಲಿಲ್ಲ. ಕಾಲುವೆ ಪಕ್ಕದ ತಿರುವುಗಳಿಗೆ ನಾಲ್ಕನೇ ಗೇರಿನಲ್ಲೇ ನುಗ್ಗಿ, ತಿರುವಿನ ಒಳಗೆ ಬ್ರೇಕು ತುಳಿಯುತ್ತಿದ್ದ. ರಸ್ತೆಯ ಎಡ ಅಂಚು ಗದ್ದೆಯ ಗಾಡಿಗಳು ಹತ್ತಿಳಿದು ಕಿತ್ತುಹೋಗಿತ್ತು. ಬ್ರೇಕು ಹಿಡಿದ ಎಡಗಾಲಿ ಧಡ್ ಎಂದು ಅದರೊಳಗೆ ಬೀಳುತ್ತಿತ್ತು. ಬ್ಲೇಡು ಮುರಿಯುವುದು ಯಾಕೆ, ಎಡಗಡೆಯದೇ ಯಾಕೆ, ಎಲ್ಲ ಒಂದೇ ದಿನಕ್ಕೆ ತಿಳಿದುಹೋಯಿತು.

ಹೊನ್ನಾಳಿಯ ಸ್ಟ್ಯಾಂಡಿನ ಹೋಟೆಲಿನಲ್ಲಿ ಬಸ್ ಡ್ರೈವರುಗಳಿಗೆಂದೇ ಒಂದು ಮೇಜು. ಅಲ್ಲಿ ಬೇರೆಯವರು ಕೂರುವಂತಿಲ್ಲ, ಡ್ರೈವರು ಬಂದರೆ ಮೊದಲ ದೋಸೆ ಅವನಿಗೇ. ಆ ಮೇಜಿನಲ್ಲಿ ಅವನ ಎದುರು ಕೂತು ಮೆಲ್ಲಗೆ ಕೇಳಿದೆ.

“ಓಡೋವಾಗ ಗೇರು ಯಾಕೆ ಇಳಿಸಲ್ಲಪ್ಪ ನೀನು?”

“ಇಳಿಸ್ತೀನಲ್ಲ ಭಾವ.”

“ನಿಂತ ಮ್ಯಾಲೆ ಇಳಿಸ್ತೀಯ. ನಾನು ಬೆಳಗಿಂದ ನಿನ್ ಕಾಲೇ ನೋಡ್ತಾ ಕುಂತೀನಿ.”

ಅವನು ಸಾಸರನ್ನು ಎರಡು ಸುತ್ತು ತಿರುಗಿಸಿದ. “ಬರಲ್ಲ ಭಾವ,” ಅಂದ. “ಜಗಳೂರು ರೋಡಿನಾಗೆ ಬೇಕೇ ಆಗ್ತಿರ್ಲಿಲ್ಲ. ಗೆರೆ ಎಳೆದಂಗೆ ಐತೆ ಆ ರೋಡು. ಇಲ್ಲಿ ಎರಡು ಸಲ ಮಾಡಾಕೆ ಹೋದೆ, ಕರ್ ಅಂತು. ಹಿಂದೆ ಕುಂತೋರೆಲ್ಲ ನಕ್ಕರು. ಅವತ್ತಿಂದ ಬಿಟ್ಟೆ.” ಆಮೇಲೆ ನನ್ನ ಕೈ ಹಿಡಿದುಕೊಂಡ. “ಯಾರ್ಗೂ ಹೇಳಬ್ಯಾಡ್ರಿ. ಅಕ್ಕಗೂ ಹೇಳಬ್ಯಾಡ್ರಿ. ನ್ಯಾಮತಿಯೋರು ಕೇಳಿದ್ರೆ ನನ್ ಮರ್ಯಾದೆ ಏನಾಗ್ಬೇಕು?”

ನ್ಯಾಮತಿಯ ಒಂದು ಹುಡುಗಿಯನ್ನು ಅವನಿಗೆ ನಿಶ್ಚಯ ಮಾಡಿದ್ದೆವು. ಹುಡುಗಿಯ ತಂದೆ ಸಂತೆಯ ದಿನ ಇದೇ ಬಸ್ಸಿಗೆ ಬಂದು, ಮುಂದಿನ ಸೀಟಿನಲ್ಲಿ ಕೂತು, ಅಕ್ಕಪಕ್ಕದವರಿಗೆ “ನಮ್ಮ ಅಳಿಯಂದೇ ಗಾಡಿ” ಎಂದು ಹೇಳಿಕೊಳ್ಳುತ್ತಿದ್ದರು. ಲೈನ್ ಡ್ರೈವರಿಗೆ ಹೆಣ್ಣು ಕೊಡುವುದೆಂದರೆ ಆಗ ಸಣ್ಣ ಮಾತಲ್ಲ. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಮಾತು ಕೊಟ್ಟು ವಾರವಾಗಿರಲಿಲ್ಲ, ಮಾಲೀಕರು ಮನೆಗೆ ಕರೆಸಿದರು. ಅವರ ಜಗಲಿಯ ಮೇಲೆ ಉಸ್ತಾದರು ಕೂತಿದ್ದರು. ಮಾಲೀಕರ ತಂದೆಯ ಕಾಲದಿಂದ ನಮ್ಮ ಲೈನಿನಲ್ಲಿ ಬಸ್ಸು ಓಡಿಸಿ, ಕೆಲಸ ಬಿಟ್ಟು ಉಬ್ರಾಣಿಯಲ್ಲಿದ್ದ ಹಿರಿಯ ಡ್ರೈವರು. ಕಲಿಸುವುದೆಂದರೆ ನಮ್ಮಲ್ಲಿ ಅವರೊಬ್ಬರೇ. ಅವರ ಕಲಿಸುವ ರೀತಿ ಊರಿಗೆಲ್ಲ ಗೊತ್ತು. ತಾವು ಬಾನೆಟ್ ಮೇಲೆ ಕೂರುತ್ತಿದ್ದರು. ಕಲಿಯುವವನು ಮೊದಲ ವಾರ ಬ್ರೇಕು ಮುಟ್ಟುವಂತಿಲ್ಲ, ಗೇರಿನಲ್ಲೇ ಬಸ್ಸಿನ ವೇಗ ಇಳಿಸಬೇಕು. ಪ್ರತಿ ತಿರುವಿಗೂ ಹಾಕುವ ಗೇರನ್ನು ಗಟ್ಟಿಯಾಗಿ ಕೂಗಿ ಹೇಳಬೇಕು, “ಮೂರು! ಎರಡು!” ಎಂದು. ಬಸ್ಸಿನಲ್ಲಿ ಜನ ತುಂಬಿದ್ದರೂ ಕೂಗಲೇಬೇಕು. ಕೂಗದೆ ಹೋದರೆ ಬಸ್ಸು ನಿಲ್ಲಿಸಿ ಇಳಿಸುತ್ತಿದ್ದರು. ಹಾಗೆ ಕಲಿತವರು ಒಬ್ಬರೂ ಬಸ್ಸು ಪಲ್ಟಿ ಮಾಡಿರಲಿಲ್ಲ. ಆದರೆ ಅದೆಲ್ಲ ಲೈಸೆನ್ಸು ಇಲ್ಲದ ಹೊಸಬರಿಗೆ. ಲೈನಿನಲ್ಲಿ ಓಡಿಸುವ ಡ್ರೈವರಿಗೆ ಹೀಗೆ ಕೂಗಿಸುವುದೆಂದರೆ ಸಂತೆಯಲ್ಲಿ ನಿಲ್ಲಿಸಿ ಪಂಚೆ ಬಿಚ್ಚಿದ ಹಾಗೆ.

“ನೋಡಪ್ಪ,” ಅಂದರು ಮಾಲೀಕರು, “ಗಾಡಿ ಹಿಂಗೆ ದಿನಾ ಮಲಗಿದ್ರೆ ಲೈನು ನಡ್ಸಾಕೆ ಆಗಲ್ಲ. ಎರಡೂ ಕಡೆ ಹೊಸ ಸ್ಪ್ರಿಂಗ್ ಸೆಟ್ಟು ಹಾಕ್ಸಾನು ಅಂತ ಒಂದು ಮನಸ್ಸು. ಇಲ್ಲಾಂದ್ರೆ ಉಸ್ತಾದ್ರು ಒಂದು ತಿಂಗಳು ನಿನ್ನ ಭಾಮೈದನ ಪಕ್ಕ ಕುಂತ್ಕೊಂತಾರೆ. ಎರಡಕ್ಕೂ ಕೈ ಹಾಕೋ ತಾಕತ್ತು ನನಗಿಲ್ಲ. ಗಾಡಿ ಕೆಳಗೆ ಮಲಗೋನು ನೀನು. ನೀನು ಹೇಳಿದಂಗೆ ಮಾಡ್ತೀನಿ.”

ಉಸ್ತಾದರು ನನ್ನ ಮುಖವನ್ನೇ ನೋಡುತ್ತಿದ್ದರು.

“ಡ್ರೈವಿಂಗ್ ಚೆನ್ನಾಗೇ ಐತೆ ಯಜಮಾನ್ರೇ,” ಅಂದೆ. “ಬ್ಲೇಡಿನ ತಾಕತ್ತು ಸಾಲ್ತಿಲ್ಲ. ಸ್ಪ್ರಿಂಗೇ ಹಾಕ್ಸಿಬಿಡ್ರಿ.”

ಭಾಮೈದನ ಮರ್ಯಾದೆ ಉಳಿಸಲು ಹಾಗೆ ಹೇಳಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ಸತ್ಯ. ಹೊಸ ಸ್ಪ್ರಿಂಗ್ ಸೆಟ್ಟು ಅಂದ ಕೂಡಲೇ ನನ್ನ ಬಾಯಲ್ಲಿ ನೀರೂರಿತ್ತು. ನನ್ನ ಆಯುಷ್ಯವೆಲ್ಲ ಹಳೇ ಬ್ಲೇಡಿಗೆ ತೇಪೆ ಹಾಕುವುದರಲ್ಲೇ ಕಳೆದಿತ್ತು. ಒಂದೇ ಒಂದು ಸಲ ಎಲ್ಲ ಹೊಸದು ಹಾಕಿ, ಇದು ನಾನು ಕಟ್ಟಿದ ಬಸ್ಸು ಅನ್ನಿಸಿಕೊಳ್ಳುವ ಆಸೆ. ಮನುಷ್ಯನಿಗೆ ಕಲಿಸುವ ಕೆಲಸದಲ್ಲಿ ನಟ್ಟು ಬಿಚ್ಚುವ ನನ್ನ ಪಾನಕ್ಕೆ ಏನು ಕೆಲಸ?

ನಾಲ್ಕು ದಿನ ಬಸ್ಸು ಶೆಡ್ಡಿನಲ್ಲಿತ್ತು. ಚಾಸಿಯ ಕೆಳಗೆ ಮರದ ದಿಮ್ಮಿ ಕೊಟ್ಟು ಎತ್ತಿ, ಸ್ಪ್ರಿಂಗನ್ನು ಅಚ್ಚಿಗೆ ಬಿಗಿದಿಡುವ ಯು ಬೋಲ್ಟುಗಳಿಗೆ ಸೀಮೆಎಣ್ಣೆ ಕುಡಿಸಿ, ಪಾನಕ್ಕೆ ಉದ್ದನೆಯ ಪೈಪು ಸಿಕ್ಕಿಸಿ ಬಿಚ್ಚಿದೆ. ಎರಡೂ ಕಡೆಗೆ ಹೊಸ ಬ್ಲೇಡು, ಎರಡೂ ಕಡೆಗೆ ಒಂದೊಂದು ಜಾಸ್ತಿ. ಒಂದು ಕಡೆಗೆ ಮಾತ್ರ ಕೊಟ್ಟು ಬಸ್ಸನ್ನು ವಾಲಿಸಿದ್ದರಿಂದ ಈಗ ಬುದ್ಧಿ ಬಂದಿತ್ತು. ಪ್ರತಿ ಬ್ಲೇಡನ್ನೂ ತಂತಿ ಬ್ರಶ್ಶಿನಿಂದ ಉಜ್ಜಿ, ನಡುನಡುವೆ ಗ್ರಾಫೈಟ್ ಗ್ರೀಸು ಸವರಿ, ಮದುಮಗಳಿಗೆ ಸೀರೆಯ ನೆರಿಗೆ ಕೂಡಿಸುವ ಹಾಗೆ ಒಂದರ ಮೇಲೊಂದು ಕೂಡಿಸಿದೆ. ಪಿನ್ನು, ಬುಶ್ಶು, ಶಾಕ್ ಅಬ್ಸಾರ್ಬರು ಎಲ್ಲ ಹೊಸದು. ಯು ಬೋಲ್ಟುಗಳನ್ನು ಮೂಲೆಯಿಂದ ಮೂಲೆಗೆ ಸ್ವಲ್ಪ ಸ್ವಲ್ಪವೇ ಬಿಗಿದೆ. ಬಸ್ಸಿನೊಳಗೆ ಮರಳಿನ ಚೀಲ ಹೇರಿ ಭಾರ ಕೂರಿಸಿ ಮತ್ತೊಮ್ಮೆ ಬಿಗಿದೆ. ಎರಡು ಟ್ರಿಪ್ಪು ಓಡಿ ಬಂದ ಮೇಲೆ ಮೂರನೇ ಸಲ. ನನ್ನ ಜೀವಮಾನದಲ್ಲಿ ಅಷ್ಟು ಚೊಕ್ಕ ಕೆಲಸ ನಾನು ಮತ್ತೆ ಮಾಡಲಿಲ್ಲ.

ಬಸ್ಸು ಬಂಗಾರದ ಹಾಗೆ ಓಡಿತು. ಕಿತ್ತ ಅಂಚಿಗೆ ಬಿದ್ದರೂ ಒಂದು ಸಲ ಮೈ ಕುಣಿಸಿ ಎದ್ದು ಹೋಗುತ್ತಿತ್ತು. ಹೊನ್ನಾಳಿಯ ಅಜ್ಜಿಯೊಬ್ಬಳು ಇಳಿಯುವಾಗ “ತೊಟ್ಟಿಲಾಗೆ ಕುಂತಂಗಿತ್ತು ಕಣಪ್ಪ” ಅಂದಳಂತೆ, ಭಾಮೈದ ಓಡಿಬಂದು ನನಗೆ ಹೇಳಿದ. ನನಗಿಂತ ಅವನಿಗೇ ಖುಷಿ. ತಿಂಗಳೊಳಗೆ ಬಸ್ಸು ಚನ್ನಗಿರಿಗೆ ಹತ್ತು ನಿಮಿಷ ಮುಂಚೆ ಬರತೊಡಗಿತು. ಮಾಲೀಕರು ಬೆನ್ನು ತಟ್ಟಿದರು. ಅವನು ನಾಲ್ಕನೇ ಗೇರಿನಲ್ಲೇ ತಿರುವಿಗೆ ನುಗ್ಗುತ್ತಿದ್ದ, ಮೊದಲಿಗಿಂತ ಜೋರಾಗಿ. ಲೈನರು ಮತ್ತೆ ಸುಟ್ಟಿದ್ದು ನನಗೇ ಕಂಡಿತು. ಬದಲಾಯಿಸಿ ಸುಮ್ಮನಾದೆ.

ಒಂದು ದಿನ ಉಸ್ತಾದರು ಶೆಡ್ಡಿಗೆ ಬಂದರು. ಬಗ್ಗಿ ಸ್ಪ್ರಿಂಗು ನೋಡಿದರು, ಬಂಪರಿನ ಮೇಲೆ ಕಾಲಿಟ್ಟು ಅದುಮಿ ಬಿಟ್ಟರು.

“ಕೆಲಸ ಚಲೋ ಮಾಡೀಯ,” ಅಂದರು. “ಇಷ್ಟು ದಿನ ಅವನು ತಪ್ಪು ಮಾಡಿದಾಗೆಲ್ಲ ಗಾಡಿ ಬೈತಿತ್ತು. ಈಗ ಅದರ ಬಾಯಿ ಮುಚ್ಚಿಸೀಯ. ಇನ್ನು ಬೈಯೋರು ಯಾರು?”

ಅವರಿಗೆ ಮೊದಲೇ ಗೊತ್ತಿತ್ತು ಎಂದು ಆಗ ತಿಳಿಯಿತು. ನಾಚಿಕೆಯಾಯಿತು. ಮುಂದಿನ ಭಾನುವಾರ ನಾನೇ ಅವನನ್ನು ಕರೆದುಕೊಂಡು ಕತ್ತಲಗೆರೆಯ ಹತ್ತಿರ ಒಂದು ಬಯಲಿಗೆ ಖಾಲಿ ಬಸ್ಸು ತೆಗೆದುಕೊಂಡು ಹೋದೆ. ಗೇರು ಇಳಿಸುವುದು ನನಗೆ ಗೊತ್ತು, ಹೇಳಿಕೊಡುವುದು ಗೊತ್ತಿಲ್ಲ. ಹತ್ತು ಸಲಕ್ಕೆ ಎರಡು ಸಲ ಬಿತ್ತು. ಎಂಟು ಸಲ ಕರಕರ. ಸದ್ದಿಗೆ ಗದ್ದೆಯವರು ಬಂದು ಬದುವಿನ ಮೇಲೆ ಸಾಲಾಗಿ ಕೂತರು. ಒಬ್ಬ, “ಏನ್ರೀ ಡ್ರೈವರೇ, ಕಡಲೆ ಹುರಿಯಾಕೆ ಹತ್ತೀರೇನು?” ಅಂದ. ಅವನ ಕಿವಿ ಕೆಂಪಾಯಿತು. ಎಂಜಿನ್ ಆಫ್ ಮಾಡಿದ.

“ಮದುವೆ ಆಗ್ಲಿ ಭಾವ,” ಅಂದ ದಾರಿಯಲ್ಲಿ. “ಆಮ್ಯಾಲೆ ಉಸ್ತಾದ್ರ ಕಾಲು ಹಿಡಿದು ಕಲಿತೀನಿ. ಎಷ್ಟು ಬೇಕಾದ್ರೂ ಕೂಗ್ತೀನಿ.”

ಮದುವೆಗೆ ಆರು ವಾರ ಇತ್ತು. ಆರು ವಾರ ತಾನೇ, ಆಗಲಿ ಅಂದೆ.

ಮೊದಲ ಮಳೆ ಬಿದ್ದ ದಿನ, ಮಧ್ಯಾಹ್ನದ ಟ್ರಿಪ್ಪು. ಬಸ್ಸು ನ್ಯಾಮತಿಯಿಂದ ವಾಪಸ್ ಬರುತ್ತಿತ್ತು. ಕತ್ತಲಗೆರೆ ದಾಟಿ ಕಾಲುವೆ ಪಕ್ಕದ ತಿರುವಿನಲ್ಲಿ ಎದುರಿಗೆ ಎತ್ತಿನ ಗಾಡಿ ಬಂತಂತೆ. ಇವನು ನಾಲ್ಕನೇ ಗೇರಿನಲ್ಲಿದ್ದ. ತಿರುವಿನೊಳಗೆ ಬ್ರೇಕು ತುಳಿದ. ಹಸಿ ರಸ್ತೆಯಲ್ಲಿ ಗಾಲಿಗಳು ಉರುಳದೆ ಕಚ್ಚಿಕೊಂಡು ಜಾರಿ, ಸ್ಟೇರಿಂಗು ತಿರುಗಿಸಿದರೂ ಬಸ್ಸು ತಿರುಗದೆ ನೆಟ್ಟಗೆ ಹೋಗಿ ಹುಣಸೆ ಮರಕ್ಕೆ ಬಡಿಯಿತು. ಅವನು ಕೂತ ಕಡೆಯೇ ಬಡಿಯಿತು. ಹತ್ತು ಹನ್ನೆರಡು ಜನಕ್ಕೆ ಕೈ ಮುರಿದು ಹಲ್ಲು ಮುರಿದು ಪೆಟ್ಟಾಯಿತು. ಪ್ರಾಣ ಹೋದದ್ದು ಅವನೊಬ್ಬನದೇ.

ಸೈಕಲ್ಲಿನಲ್ಲಿ ಬಂದವನೊಬ್ಬ ಶೆಡ್ಡಿಗೆ ಸುದ್ದಿ ಮುಟ್ಟಿಸಿದ. ನಾನು ಲಾರಿ ಹತ್ತಿ ಹೋಗುವಷ್ಟರಲ್ಲಿ ಭಾಮೈದನನ್ನು ಬಸ್ಸಿನಿಂದ ಇಳಿಸಿ, ಯಾರದೋ ಟವೆಲ್ಲು ಮುಖದ ಮೇಲೆ ಹಾಕಿದ್ದರು. ಅವನ ಬಲಗಾಲಿನ ಚಪ್ಪಲಿ ಬ್ರೇಕಿನ ಪೆಡಲಿನ ಕೆಳಗೇ ಸಿಕ್ಕಿಕೊಂಡಿತ್ತು. ಗೇರಿನ ಕೋಲು ನಾಲ್ಕರಲ್ಲಿತ್ತು. ಅದನ್ನು ನೋಡಿದ ಮೇಲೆ ನನ್ನ ಕೈಯಲ್ಲಿ ಆಗಲಿಲ್ಲ. ಆ ಜನದ ನಡುವೆಯೇ ರಸ್ತೆಯಲ್ಲಿ ಕೂತು ಗೋಳೋ ಎಂದು ಅತ್ತೆ.

ಮಣ್ಣು ಮಾಡಿ ಬಂದ ಮಾರನೇ ಬೆಳಿಗ್ಗೆ ಬ್ರೇಕ್ ಇನ್‌ಸ್ಪೆಕ್ಟರು ಬಸ್ಸು ನೋಡಲು ಬರುವವರಿದ್ದರು. ಸರ್ಕಾರದ ಕಡೆಯಿಂದ ಬಂದು, ತಪ್ಪು ಗಾಡಿಯದೋ ಡ್ರೈವರಿನದೋ ಎಂದು ಬರೆಯುವವರು ಅವರು. ನಾನು ಹೊರಡುವಾಗ ಹೆಂಡತಿ ಬಾಗಿಲಲ್ಲಿ ನಿಂತಳು. ಅತ್ತು ಅತ್ತು ಅವಳ ದನಿ ಹೋಗಿತ್ತು.

“ಗಾಡಿದೇ ತಪ್ಪು ಅಂತ ಬರೆಸ್ರಿ,” ಅಂದಳು. “ಬ್ಲೇಡು ಮುರೀತಿರ್ಲಿಲ್ವೇನು? ಸತ್ತೋನ ಮ್ಯಾಲೆ ಹೊರಿಸಬ್ಯಾಡ್ರಿ. ನನ್ ತಮ್ಮ ಅಷ್ಟು ಕೆಟ್ಟ ಡ್ರೈವರ್ ಅಲ್ಲ.”

ಪೊಲೀಸ್ ಠಾಣೆಯ ಅಂಗಳಕ್ಕೆ ಬಸ್ಸನ್ನು ಎಳೆದು ತಂದಿದ್ದರು. ಇನ್‌ಸ್ಪೆಕ್ಟರು ಬರುವ ಮೊದಲೇ ಅದರ ಕೆಳಗೆ ನುಗ್ಗಿದೆ. ಒಂದು ಬ್ಲೇಡಾದರೂ ಮುರಿದಿರಲಿ ದೇವರೇ ಎಂದು ಹುಡುಕಿದೆ. ನಾನು ಕಟ್ಟಿದ ಸ್ಪ್ರಿಂಗು ಮುರಿದಿರಲಿ ಎಂದು ಬೇಡಿಕೊಂಡದ್ದು ಅದೇ ಮೊದಲು. ಬೆರಳಿನಿಂದ ಒಂದೊಂದೇ ಬ್ಲೇಡನ್ನು ತಡವಿದೆ. ಬಲಗಡೆಯ ಮೂತಿಯೆಲ್ಲ ಜಜ್ಜಿಹೋಗಿದ್ದರೂ ಎಡಗಡೆಯ ಸ್ಪ್ರಿಂಗಿನಲ್ಲಿ ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ. ಯು ಬೋಲ್ಟಿನ ಒಂದು ನಟ್ಟೂ ಸಡಿಲಾಗಿರಲಿಲ್ಲ. ಚೀಲದಲ್ಲಿ ಉಳಿ, ಸುತ್ತಿಗೆ ಇತ್ತು. ಎರಡು ಏಟು ಹಾಕಿದ್ದರೆ ಸಾಕಿತ್ತು. ಕಬ್ಬಿಣ ಹೇಗೆ ಮುರಿಯುತ್ತದೆ ಎಂದು ಆ ಸೀಮೆಯಲ್ಲಿ ನನಗಿಂತ ಚೆನ್ನಾಗಿ ತಿಳಿದವರು ಯಾರಿದ್ದರು? ಉಳಿಯನ್ನು ಮೇನ್ ಬ್ಲೇಡಿನ ಮೇಲೆ ಇಟ್ಟೂ ನೋಡಿದೆ. ಮಾಲೀಕರ ಜಗಲಿಯ ಮೇಲೆ ಹೇಳಿದ ಸುಳ್ಳು ಇದೇ ಆಗಿತ್ತಲ್ಲ, ಬ್ಲೇಡಿನ ತಪ್ಪು ಎಂದು. ಅದೇ ಸುಳ್ಳನ್ನು ಎರಡನೇ ಸಲ ಹೇಳಲು ಕೈ ಏಳಲಿಲ್ಲ.

ಇನ್‌ಸ್ಪೆಕ್ಟರು ಬಂದು ಎಲ್ಲ ನೋಡಿದರು. ಬ್ರೇಕು, ಸ್ಟೇರಿಂಗು, ಸ್ಪ್ರಿಂಗು. “ಗಾಡಿ ಕಂಡಿಷನ್ ಹೆಂಗಿತ್ತಪ್ಪ?” ಎಂದು ಕೇಳಿದರು.

“ಗಾಡಿ ಸರಿಯಾಗೇ ಇತ್ತು ಸಾಹೇಬ್ರೇ,” ಅಂದೆ. “ಓಡೋವಾಗ ಗೇರು ಇಳಿಸಾಕೆ ಅವನಿಗೆ ಬರ್ತಿರ್ಲಿಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮುಚ್ಚಿಟ್ಟೆ.”

ಅವರು ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿ ನನ್ನನ್ನು ನೋಡಿದರು. ಗಾಡಿ ಸರಿಯಿತ್ತು ಎಂಬುದನ್ನು ಬರೆದರು, ಡ್ರೈವರಿನ ತಪ್ಪು ಎಂಬುದನ್ನೂ ಬರೆದರು. ಕೊನೆಯ ಮಾತನ್ನು ಬರೆಯಲಿಲ್ಲ. ಸಹಿ ಮಾಡು ಅಂದರು, ಮಾಡಿದೆ.

ಮನೆಗೆ ಹೋದಾಗ ನೆಂಟರೆಲ್ಲ ಊಟಕ್ಕೆ ಕೂತಿದ್ದರು. ಹೆಂಡತಿ ಹಿತ್ತಲಿನಲ್ಲಿ ಒಬ್ಬಳೇ ಇದ್ದಳು. “ಬರೆಸಿದ್ರಾ?” ಅಂದಳು. ನಾನು ಎಲ್ಲ ಹೇಳಿದೆ. ಹೊನ್ನಾಳಿಯಲ್ಲಿ ಅವನು ನನ್ನ ಕೈ ಹಿಡಿದುಕೊಂಡದ್ದು, ಅಕ್ಕಗೂ ಹೇಳಬ್ಯಾಡ್ರಿ ಅಂದದ್ದು, ಉಸ್ತಾದರನ್ನು ಬಿಟ್ಟು ನಾನು ಸ್ಪ್ರಿಂಗು ಆರಿಸಿದ್ದು, ಬಯಲಿನಲ್ಲಿ ಜನ ನಕ್ಕಿದ್ದು. ಒಂದನ್ನೂ ಬಿಡಲಿಲ್ಲ. ಬೈಯುತ್ತಾಳೆ, ಕಿರುಚುತ್ತಾಳೆ ಎಂದು ಕಾದೆ.

“ಶಾಲೆಗೆ ಹೋಗೋವಾಗ ಅವನಿಗೆ ಏಳರ ಮಗ್ಗಿ ಬರ್ತಿರ್ಲಿಲ್ಲ,” ಅಂದಳು. “ಎಲ್ಲಾರೂ ನಗ್ತಾರೆ ಅಂತ ಶಾಲೆ ತಪ್ಪಿಸಿ ಕಣಜದ ಹಿಂದೆ ಅಡಗಿ ಕುಂತಿದ್ದ. ನಾನು ಅವನ ಜೊತಿಗೇ ಅಲ್ಲಿ ಕುಂತು, ಇಬ್ರೂ ಸೇರಿ ಕೂಗಿ ಕೂಗಿ ಕಲಿಸಿದೆ. ನನಗೆ ಒಂದು ಮಾತು ಹೇಳಿದ್ರೆ ಆ ಬಸ್ಸು ಹತ್ತಿ ಅವನ ಪಕ್ಕ ನಾನು ಕುಂತ್ಕೊಂತಿದ್ದೆ. ನ್ಯಾಮತಿಯೋರೆಲ್ಲ ಕೇಳಿದ್ರೂ ಕೇಳ್ಲಿ ಅಂತ, ಅವನ ಜೊತಿಗೆ ನಾನೂ ಕೂಗ್ತಿದ್ನಲ್ರೀ.”